ಗಾಳಿ ಸೋರುವ ಸದ್ದು

“ಬಾವಲಿ ಕಿವಿ ಕಣಯ್ಯ ಈ ಹುಡುಗೀದು! ಗಾಳಿ ಸೋರೋದನ್ನ ಅಷ್ಟು ದೂರದಿಂದ್ಲೇ ಹಿಡಿದುಬಿಟ್ಲು,” ಎಂದರು ಕಾರ್ಖಾನೆಯ ಯಜಮಾನ ಸುಗಿಉರಾ.

“ಕಿವಿ ಬೆಕ್ಕಿಗೂ ಇರುತ್ತೆ, ಯಜಮಾನ್ರೇ,” ಎಂದ ಹಳೆಯ ಕೆಲಸಗಾರ ಇಸೊಗಾಯ್, ಊಟದ ಡಬ್ಬಿಯಿಂದ ತಲೆ ಎತ್ತದೆ.

ಹೊಗಳಿಸಿಕೊಂಡ ಹುಡುಗಿ ಚಿಹಾರು ನಕ್ಕಳು. ಆ ನಗು ಅವನಿಗೆ ಇನ್ನಷ್ಟು ಉರಿ ಹತ್ತಿಸಿತು.

ಜಪಾನಿನ ಹೆಕಿನಾನ್ ಊರಿನ ಆ ಪುಟ್ಟ ಬೋಲ್ಟ್ ಕಾರ್ಖಾನೆಯಲ್ಲಿ ಯಂತ್ರಗಳು ನಡೆಯುವುದೇ ಪೈಪುಗಳಲ್ಲಿ ಒತ್ತಿ ತುಂಬಿದ ಗಾಳಿಯಿಂದ. ಗಾಳಿ ಸೋರಿದರೆ ಕರೆಂಟು ದಂಡ. ಆ ಕರೆಂಟು ತಯಾರಿಸುವಾಗ ಏಳುವ ಹೊಗೆಯೂ ಈಗ ಬೋಲ್ಟು ಕೊಳ್ಳುವ ಕಾರು ಕಂಪನಿಯ ಲೆಕ್ಕಕ್ಕೇ ಬರುತ್ತದಂತೆ. ಹಾಗಾಗಿ ಮಧ್ಯಾಹ್ನ ಯಂತ್ರಗಳು ಸುಮ್ಮನಾದಾಗ ಯಾರಾದರೊಬ್ಬರು ‘ಸುಸ್’ ಎನ್ನುವ ಸದ್ದಿಗೆ ಕಿವಿಗೊಟ್ಟು ಸುತ್ತಬೇಕು. ಮೊದಲಿನಿಂದಲೂ ಆ ‘ಯಾರಾದರೊಬ್ಬರು’ ಇಸೊಗಾಯ್ ಒಬ್ಬನೇ. ಚಿಹಾರು ಕೆಲಸಕ್ಕೆ ಸೇರಿದ ಮೇಲೆ, ಅವನು ಸುತ್ತಿ ‘ಎಲ್ಲಾ ಸರಿಯಿದೆ’ ಎಂದು ಬಂದ ಜಾಗದಲ್ಲೇ ಅವಳಿಗೆ ಸೋರಿಕೆ ಸಿಗುತ್ತಿತ್ತು. ನಾಳೆ ಕಾರು ಕಂಪನಿಯ ಒಕುಮುರಾ ಮೇಡಂ ಬರುವವರಿದ್ದರು. ಸುತ್ತಲಿನ ಕಾರ್ಖಾನೆಗಳಿಗೆಲ್ಲ ಈ ವಿದ್ಯೆ ಕಲಿಸಲು ಇಲ್ಲಿಂದ ಒಬ್ಬರನ್ನು ಆರಿಸುತ್ತಾರಂತೆ. ಒಬ್ಬರನ್ನು ಮಾತ್ರ.

ಸಂಜೆ ಎಲ್ಲರೂ ಹೊರಟ ಮೇಲೆ ಇಸೊಗಾಯ್ ಕೊರೆಯುವ ಯಂತ್ರದ ಹಿಂದೆ ನುಸುಳಿ, ಒಂದು ಪೈಪಿನ ನಟ್ಟನ್ನು ಸ್ಪ್ಯಾನರಿನಿಂದ ತುಸು ಸಡಿಲಿಸಿದ. ಸದ್ದು ಕೇಳಿಸಲಿಲ್ಲ. ಬೆರಳಿಟ್ಟು ನೋಡಿದ; ಗಾಳಿ ಬರುತ್ತಿತ್ತು. ಸಮಾಧಾನದಿಂದ ಮನೆಗೆ ಹೋದ.

ಮರುದಿನ ಮಧ್ಯಾಹ್ನ ಎಂದಿನಂತೆ ಯಂತ್ರಗಳು ನಿಂತವು. ಒಕುಮುರಾ ಮೇಡಂ ಎದುರಿಗೆ ಅವನು ಕಣ್ಣು ಮುಚ್ಚಿ, ತಲೆ ವಾರೆ ಮಾಡಿ, ಮೆಲ್ಲಗೆ ನಡೆದು ಆ ಯಂತ್ರದ ಹಿಂದೆಯೇ ನಿಂತ. “ಇಲ್ಲಿ!”

ಮೇಡಂ ಕೈಯಿಟ್ಟು ನೋಡಿ ಬೆರಗಾದರು. “ಅಬ್ಬಾ! ಏನಮ್ಮ ಚಿಹಾರು, ನಿನಗೆ ಇದು ಕೇಳಿಸ್ಲೇ ಇಲ್ವಾ?”

“ಬೆಳಿಗ್ಗೆ ಬಂದಾಗ್ಲೇ ಕೇಳಿಸ್ತು, ಮೇಡಂ. ಇಸೊಗಾಯ್ ಸಾನ್ ಅವರೇ ತೋರಿಸ್ಲಿ ಅಂತ ಬಿಟ್ಟೆ.”

“ಹಿರಿಯರ ಮೇಲೆ ಎಷ್ಟು ಗೌರವ!” ಎಂದರು ಮೇಡಂ. “ಆಯ್ತು, ಇಸೊಗಾಯ್ ಸಾನ್ ಅವರೇ ನಮ್ಮ ಮೇಷ್ಟ್ರು.”

ಅವನು ಗೋಡೆಯ ಪಕ್ಕಕ್ಕೆ ಸರಿದು ಸೊಂಟ ಬಗ್ಗಿಸಿ ವಂದಿಸಿದ. ತಟ್ಟನೆ ಚಿಹಾರು ಮುಂದೆ ಬಂದು, ಅವನ ತಲೆಯ ಬಳಿಯೇ ಹಾದುಹೋಗಿದ್ದ ಪೈಪಿಗೆ ಅಂಗೈ ಊರಿ ನಿಂತುಬಿಟ್ಟಳು. ಮೇಡಂ, ಯಜಮಾನರು ಚಹಾ ಕುಡಿಯಲು ಹೊರಟರು. ಇವಳು ಅಲುಗಲಿಲ್ಲ.

“ದೊಡ್ಡೋರಿಗೆ ಒಂದು ಒಳ್ಳೇದಾದ್ರೆ ನೆಟ್ಟಗೆ ನಿಲ್ಲೋಕೂ ಆಗಲ್ವೇನೇ?” ಎಂದ ಇಸೊಗಾಯ್. “ಸೋಂಬೇರಿ ಥರ ಒರಗಿಕೊಂಡು! ಹೊಟ್ಟೆಕಿಚ್ಚಾ?”

“ಅವರು ಬಾಗಿಲು ದಾಟ್ಲಿ, ಇಸೊಗಾಯ್ ಸಾನ್.”

“ಯಾರು ಎಲ್ಲಿಗಾದ್ರೂ ದಾಟ್ಲಿ. ನೀನು ಕೈ ತೆಗಿ!”

ಅವಳು ಬಾಗಿಲ ಕಡೆ ಒಮ್ಮೆ ನೋಡಿ ಕೈ ತೆಗೆದಳು. ಅಂಗೈಯ ನಡುವೆ ಕೆಂಪಗೆ ಒಂದು ಚುಕ್ಕೆ ಒತ್ತಿತ್ತು. ಇಸೊಗಾಯ್‌ಗೆ ಏನೂ ಕೇಳಿಸಲಿಲ್ಲ. ಪೈಪಿನಿಂದ ಸೋರುತ್ತಿದ್ದ ತಣ್ಣನೆಯ ಗಾಳಿ ಮಾತ್ರ ಅವನ ನೆರೆತ ಹುಬ್ಬನ್ನು ಒಂದೇ ಸಮನೆ ಅಲ್ಲಾಡಿಸುತ್ತಿತ್ತು.