ದಂಡೆಯ ಮೇಲಿನ ಶಿಲುಬೆ

“ಸರಿಯಾಗಿ ನೋಡು, ಅಮ್ಮಾ. ಇವನೂ ಅಲ್ಲ ಅಂದ್ರೆ ನಿನ್ನ ಮಗ ಓಡಿಹೋಗಿದಾನೆ ಅಂತಲೇ ಅರ್ಥ. ಓಡಿಹೋದವರಿಗೆ ಏನು ಮಾಡ್ತೀವಿ ಅನ್ನೋದು ನಿಂಗೆ ಗೊತ್ತಲ್ಲ?” ಎಂದ ಕ್ಯಾಪ್ಟನ್ ಬುಸ್ತೋಸ್.

ಸಾವಿರದ ಎಂಟುನೂರ ಎಂಬತ್ತೈದರ ಅಂತರ್ಯುದ್ಧ. ಕೊಲಂಬಿಯಾದ ಮಗ್ದಲೇನಾ ನದಿಯ ದಂಡೆಯಲ್ಲಿ ಹೆಣಗಳನ್ನು ಸಾಲಾಗಿ ಮಲಗಿಸಿದ್ದರು. ಬೆಳಿಗ್ಗೆ ಬಂಡುಕೋರರು ದೋಣಿಗಳಲ್ಲಿ ಬಂದಿಳಿದಿದ್ದರು. ಮಧ್ಯಾಹ್ನದೊಳಗೆ ಸರ್ಕಾರದ ಪಡೆ ಅವರನ್ನು ನೀರಿಗೆ ಅಟ್ಟಿತ್ತು. ಗೆದ್ದವರು ಸತ್ತವರ ಬಟ್ಟೆಬರೆಯನ್ನೆಲ್ಲ ಬಿಚ್ಚಿಕೊಂಡಿದ್ದರು. ಯಾರು ಯಾವ ಕಡೆಯವರೆಂದು ಹೇಳುವಂತಿರಲಿಲ್ಲ.

ಯೂಫ್ರೇಸಿಯಾಳ ಮಗ ಟೊರಿಬಿಯೊ ಬೆಸ್ತ. ಬಲೆ ಬೀಸುತ್ತಿದ್ದವನನ್ನು ಸರ್ಕಾರದವರು ಎಳೆದೊಯ್ದು ಕೈಗೆ ಬಂದೂಕು ಕೊಟ್ಟಿದ್ದರು. ಕಾಳಗ ಮುಗಿದು ಹಾಜರಿ ಕೂಗಿದಾಗ ಅವನಿರಲಿಲ್ಲ.

ಕೊನೆಯ ಹೆಣದ ಮುಖ ಗುಂಡಿಗೆ ಛಿದ್ರವಾಗಿತ್ತು. ಯೂಫ್ರೇಸಿಯಾ ಮಂಡಿಯೂರಿ ಅದರ ಬಲಗೈ ಹಿಡಿದಳು. ಅದನ್ನು ತನ್ನೆರಡೂ ಅಂಗೈಗಳಲ್ಲಿ ಮುಚ್ಚಿಕೊಂಡಳು.

“ಅಯ್ಯೋ ನನ್ನ ಕಂದಾ!”

ಆ ಕೂಗಿಗೆ ಕ್ಯಾಪ್ಟನ್ ಕೂಡ ಟೋಪಿ ತೆಗೆದ. “ತಪ್ಪು ತಿಳ್ಕೊಂಡಿದ್ದೆ, ತಾಯಿ. ಗಂಡಸಿನ ಹಾಗೆ ಸತ್ತಿದಾನೆ.”

ಅವಳು ತೀರಿಹೋದ ಗಂಡನ ಅಂಗಿಯನ್ನು ಹೆಣಕ್ಕೆ ತೊಡಿಸಿ, ಮನೆಯ ಪಕ್ಕದಲ್ಲೇ ಮಣ್ಣು ಮಾಡಿ, ಶಿಲುಬೆ ನೆಟ್ಟಳು. ಉಳಿದ ಹೆಣಗಳನ್ನು ಸೈನಿಕರು ಹೊಳೆಗೆ ತಳ್ಳಿದರು.

ಭಾನುವಾರ ಮೇಲಿನೂರಿನಿಂದ ರೊಸೆಂಡಾ ಎಂಬವಳು ಒಬ್ಬಳೇ ದೋಣಿ ಹುಟ್ಟುಹಾಕಿಕೊಂಡು ಬಂದಳು. ಕಣ್ಣು ಬತ್ತಿಹೋಗಿತ್ತು.

“ಅಕ್ಕಾ, ಬಂಡುಕೋರರ ಜತೆ ಹೋದ ನನ್ನ ಹುಡುಗ ವಾಪಸ್ ಬಂದಿಲ್ಲ. ಉದ್ದಕ್ಕಿದಾನೆ. ಅವನ ಬಲಗೈಲಿ...”

“ಇಲ್ಲಿ ಬೇರೆ ಯಾರನ್ನೂ ಹೂಳಿಲ್ಲ,” ಯೂಫ್ರೇಸಿಯಾ ಮಾತು ಮುಗಿಸಗೊಡಲಿಲ್ಲ.

“ಮತ್ತೆ ಇದು?”

“ನನ್ನ ಮಗಂದು.”

ರೊಸೆಂಡಾ ಶಿಲುಬೆಯನ್ನು ಮೆಲ್ಲಗೆ ನೇವರಿಸಿದಳು. “ಪುಣ್ಯವಂತೆ ಕಣಕ್ಕಾ ನೀನು. ಅಳೋಕೆ ಒಂದು ಜಾಗ ಆದ್ರೂ ಇದೆ. ನಾನೂ ಇಲ್ಲೇ ಸ್ವಲ್ಪ ಹೊತ್ತು ಅತ್ಕೊಳ್ಲಾ?”

ಯೂಫ್ರೇಸಿಯಾ ಹೊಳೆಯತ್ತ ಕಣ್ಣು ಹಾಯಿಸಿದಳು. ದಂಡೆಯಲ್ಲಿ ಸೈನಿಕರು ಇನ್ನೂ ಬೀಡುಬಿಟ್ಟಿದ್ದರು. ಅವಳು ಆಗಲಿ ಎಂದು ತಲೆಯಾಡಿಸಿದಳು. ರೊಸೆಂಡಾ ಹಸಿಮಣ್ಣಿನ ಮೇಲೆ ಬೋರಲು ಬಿದ್ದಳು.

ಶಾಲಿನ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತ ಯೂಫ್ರೇಸಿಯಾ ಒಳಗೆ ಬಂದು ಅಗಳಿ ಹಾಕಿದಳು. ಬಾಳೆಕಾಯಿ ಸಾರನ್ನು ಬಟ್ಟಲಿಗೆ ಬಗ್ಗಿಸಿಕೊಂಡು, ಅಟ್ಟದತ್ತ ಮುಖವೆತ್ತಿ ಪಿಸುಗುಟ್ಟಿದಳು:

“ಕೆಮ್ಮಬೇಡ, ಟೊರಿಬಿಯೊ. ಆ ತಾಯಿ ಇನ್ನೂ ಹೊರಗೆ ಅಳ್ತಾ ಇದಾಳೆ.”