ಬಾಡಿ ಭಾರ

ಒಂಬೈನೂರ ಹತ್ತು ಗ್ರಾಂ.

ಗಣಿತದ ಮೇಷ್ಟ್ರು ಅಡುಗೆಮನೆಯ ತಕ್ಕಡಿಯಿಂದ ಲೆನ್ಸ್ ಬಿಚ್ಚಿದ ಕ್ಯಾಮೆರಾ ಎತ್ತಿ, ಒರೆಸಿ, ಮತ್ತೆ ಇಟ್ಟರು. ಧೂಳಿಗೂ ತೂಕವಿರುತ್ತದಲ್ಲ. ತಕ್ಕಡಿಗೆ ಕರುಣೆ ಬರಲಿಲ್ಲ. ಅದೇ ಒಂಬೈನೂರ ಹತ್ತು.

"ರೀ, ಕೇಕಿಗೆ ಹಿಟ್ಟು ತೂಗ್ಬೇಕು. ನಿಮ್ಮ ಸಂಶೋಧನೆ ಮುಗೀತಾ?" ಎಂದಳು ಹೆಂಡತಿ.

"ನನ್ನ ಸೀಟು ಹೋಗತ್ತೆ ಕಣೇ! ನಿಂಗೆ ಹಿಟ್ಟಿನ ಚಿಂತೆ."

ಸೀಟೆಂದರೆ ಬಿಸಿಗಾಳಿ ಬಲೂನಿನ ಸೀಟು. ಬುಟ್ಟಿಯಲ್ಲಿ ನಾಲ್ಕೇ ಜನ. ಮಗಳು ಹುಟ್ಟಿದ ಮೇಲೆ ಹನ್ನೊಂದು ವರ್ಷ ಮೇಷ್ಟ್ರು ತೆಗೆದದ್ದೆಲ್ಲ ಹುಟ್ಟುಹಬ್ಬದ ಫೋಟೋ, ಇಲ್ಲವೇ ಶಾಲೆಯ ವಾರ್ಷಿಕೋತ್ಸವದ್ದು. ಒಂದೇ ಒಂದು ಸಲ ನದಿಯ ತಿರುವುಗಳನ್ನು ಮೇಲಿನಿಂದ ಹಿಡಿಯಬೇಕು. ಎರಡು ವರ್ಷ ಕಾದ ಮೇಲೆ ಸರದಿ ಬಂದಿತ್ತು.

ಸೀಟು ಗಟ್ಟಿ ಮಾಡಿಕೊಳ್ಳಲು ಹೋದ ದಿನ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡೇ ಹೋಗಿದ್ದರು. ಅದು ಹೊಟ್ಟೆಯ ಮೇಲೆ, ಮೇಜಿನ ಮೇಲಿಟ್ಟಂತೆ ಕೂತಿತ್ತು. ಬಲೂನು ಹಾರಿಸುವ ಮೇಡಂ ಅತ್ತಲೇ ನೋಡುತ್ತ, "ಬಾಡಿ ತುಂಬ ಭಾರ ಆಯ್ತು ಸಾರ್," ಎಂದಿದ್ದರು. "ಒಂದೂವರೆ ತಿಂಗಳಿದೆ, ಇಳಿಸ್ಕೊಂಡು ಬನ್ನಿ. ಇಲ್ಲಾಂದ್ರೆ ಸೀಟು ಮುಂದಿನವರಿಗೆ."

ಕ್ಯಾಮೆರಾ ಎನ್ನಲಿಲ್ಲ, ಲೆನ್ಸ್ ಬಿಟ್ಟು ಉಳಿದದ್ದಕ್ಕೆ ಫೋಟೋದವರು ಹೇಳುವಂತೆ ಬಾಡಿ ಎಂದರು! ವಿಷಯ ಬಲ್ಲವರು ಎಂದು ಮೇಷ್ಟ್ರಿಗೆ ಅಲ್ಲೇ ಗೌರವ ಹುಟ್ಟಿತು.

ಅಂದಿನಿಂದ ವ್ರತ ಹಿಡಿದಂತೆ ಕೆಲಸಕ್ಕಿಳಿದರು. ಜೀವದಂತಿದ್ದ ದೊಡ್ಡ ಫುಲ್ ಫ್ರೇಮ್ ಬಾಡಿಯನ್ನು ಅಂಗಡಿಗೆ ಕೊಟ್ಟು ಪುಟ್ಟ ಮಿರರ್‌ಲೆಸ್ ಕ್ಯಾಮೆರಾ ತಂದರು. ಮುನ್ನೂರ ಎಂಬತ್ತು ಗ್ರಾಂ. ಗದೆಯಂತಿದ್ದ ಜೂಮ್ ಲೆನ್ಸ್ ಕಪಾಟು ಸೇರಿತು. ಅದರ ಜಾಗಕ್ಕೆ ಬಿಸ್ಕತ್ತಿನಷ್ಟು ದಪ್ಪದ, ಜೂಮ್ ಆಗದ ಲೆನ್ಸ್ ಬಂತು.

"ದೂರದ್ದು ಹತ್ತಿರ ಕಾಣ್ಬೇಕಾದ್ರೆ ನಾವೇ ನಾಲ್ಕು ಹೆಜ್ಜೆ ಮುಂದೆ ಹೋದ್ರಾಯ್ತು," ಎಂದು ಹೆಂಡತಿಗೆ ಪಾಠ ಹೇಳಿದರು.

"ಬಲೂನಲ್ಲಿ ಎಲ್ಲಿಗೆ ಹೆಜ್ಜೆ ಹಾಕ್ತೀರಿ?"

ಮೇಷ್ಟ್ರು ಕತ್ತರಿ ತಂದರು. ಕ್ಯಾಮೆರಾದ ಕೊರಳ ಪಟ್ಟಿಯನ್ನು ಅರ್ಧಕ್ಕೆ ಕತ್ತರಿಸಿದರು. ಲೆನ್ಸ್ ಮುಚ್ಚಳದ ದಾರ ಬಿಚ್ಚಿದರು, ಎರಡು ಗ್ರಾಂ ಇಳಿಯಿತು. ಪ್ರತಿ ನೂರು ಗ್ರಾಂ ಇಳಿದಾಗಲೂ ಸಂಭ್ರಮಕ್ಕೊಂದು ತುಂಡು ಕೇಕು.

"ಅಪ್ಪಾ, ಇದು ಐದನೇ ತುಂಡು," ಎಂದಳು ಮಗಳು.

"ಐನೂರು ಗ್ರಾಂ ಇಳಿದಿದೆ ಪುಟ್ಟಿ. ಲೆಕ್ಕ ಸರಿಯಾಗೇ ಇದೆ."

ಹಾರುವ ದಿನಕ್ಕೆ ವಾರ ಮೊದಲೇ ಮೇಡಂಗೆ ಫೋನು ಹೋಯಿತು. "ಬಾಡಿ ಅರ್ಧಕ್ಕಿಂತ ಕಮ್ಮಿ ಮಾಡಿದ್ದೀನಿ ಮೇಡಂ!"

"ಅಯ್ಯೋ, ಅಷ್ಟೆಲ್ಲ ಯಾಕೆ ಸಾರ್? ಸ್ವಲ್ಪ ಇಳಿದಿದ್ರೂ ಸಾಕಿತ್ತು. ಇರ್ಲಿ, ಬನ್ನಿ, ಅವತ್ತು ನೋಡ್ತೀನಲ್ಲ."

ಮೇಷ್ಟ್ರು ಆ ಖುಷಿಗೂ ಒಂದು ತುಂಡು ಕೇಕು ತಿಂದರು.

ಹಾರುವ ದಿನ ಬೆಳಿಗ್ಗೆ ಬಲೂನು ಮೈದಾನದಲ್ಲಿ ಅರ್ಧ ಉಬ್ಬಿ ಮಲಗಿತ್ತು. ಮೇಷ್ಟ್ರು ಎಲ್ಲರಿಗಿಂತ ಮುಂದೆ ನಿಂತು, ಏದುಸಿರು ಬಿಡುತ್ತಲೇ, ಕ್ಯಾಮೆರಾವನ್ನು ಅಂಗೈ ಮೇಲಿಟ್ಟು ಮೇಡಂ ಮುಂದೆ ಚಾಚಿದರು.

"ಮುದ್ದಾಗಿದೆ ಸಾರ್," ಎಂದು ಮೇಡಂ ಅದನ್ನೆತ್ತಿ ಪಕ್ಕಕ್ಕಿಟ್ಟರು. ಅಷ್ಟರಲ್ಲಿ ಇಬ್ಬರು ಆಳುಗಳು ಮೂಟೆ ತೂಗುವಂಥ ಯಂತ್ರವೊಂದನ್ನು ಹೊತ್ತು ತಂದು ಮೇಷ್ಟ್ರ ಕಾಲ ಬುಡದಲ್ಲಿಟ್ಟರು.

"ಹತ್ತಿ ಸಾರ್," ಎಂದರು ಮೇಡಂ, "ಅರ್ಧ ಇಳಿದಿರೋ ಆ ಬಾಡಿ ನೋಡೋಣ."