ನಾಯಕಿ ಯಾಕೆ ಸುಮ್ಮನಿದ್ದಳು?

ಮುಕುಂದರಾಯರ ಹೊಸ ಕಾದಂಬರಿಯ ಬಗ್ಗೆ ಮಾತಾಡಲು ಅವರ ಓದುಗರೆಲ್ಲ ಗ್ರಂಥಾಲಯದಲ್ಲಿ ಸೇರಿದ್ದರು. ರಾಯರು ಎದುರಿಗೆ ಕೂತು ಪ್ರತಿಗಳಿಗೆ ಸಹಿ ಹಾಕುತ್ತಿದ್ದರು. ಅವರ ಹೆಂಡತಿ ಅಂಬುಜಾಕ್ಷಿ ಮೊದಲ ಸಾಲಿನಲ್ಲಿ ಕೂತಿದ್ದಳು. ಗಂಡ ಬರೆದದ್ದನ್ನು ಅಚ್ಚಾದ ಮೇಲೆಯೇ ಓದುವುದು ಅವಳ ರೂಢಿ. ಇದನ್ನು ನಿನ್ನೆಯಷ್ಟೇ ಓದಿ ಮುಗಿಸಿದ್ದಳು.

ಕಥೆಯ ನಾಯಕಿಗೆ ಗಂಡನ ಬೀರುವಿನಲ್ಲಿ ಅವನ ಪ್ರೇಯಸಿಯ ಕಾಗದಗಳು ಸಿಗುತ್ತವೆ. ಓದಿ, ಇದ್ದ ಹಾಗೇ ಇಟ್ಟು, ಹನ್ನೊಂದು ವರ್ಷ ಅವಳು ಬಾಯಿ ಬಿಡುವುದಿಲ್ಲ. ಯಾವ ಗಳಿಗೆಯಲ್ಲಿ ಏನು ಮಾಡಿಬಿಡುತ್ತಾಳೋ ಎಂಬ ದಿಗಿಲಿನಲ್ಲೇ ಕಥೆ ಸಾಗುತ್ತದೆ.

"ಕೊನೇ ಪುಟದವರೆಗೂ ಕೆಳಗಿಡೋಕಾಗಲಿಲ್ಲ," ಎಂದರು ಒಬ್ಬ ನಿವೃತ್ತ ಮೇಷ್ಟರು.

"ನನಗೆ ಹಿಡಿಸಲಿಲ್ಲ ಸಾರ್," ಎಂದಳು ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ. "ಅಷ್ಟು ವರ್ಷ ಸುಮ್ಮನಿರೋ ಹೆಂಡತಿ ಎಲ್ಲಿರ್ತಾಳೆ? ನಾನಾಗಿದ್ರೆ ಅವತ್ತೇ ಮುಖಕ್ಕೆ ಎಸೀತಿದ್ದೆ."

ಎಲ್ಲರೂ ನಕ್ಕರು. ಅಂಬುಜಾಕ್ಷಿಯೂ ನಕ್ಕಳು. ರಾಯರ ಬೀರುವಿನಲ್ಲಿ ಸಿಕ್ಕ ಅಂಥ ಕಾಗದಗಳನ್ನು ಅವಳೂ ಓದಿದ್ದಳು, ಯಾರಿಗೂ ಹೇಳಿರಲಿಲ್ಲ. ತಾನು ಓದಿದ್ದು ಗೊತ್ತಾಯಿತೆಂದರೆ ರಾಯರು ನಾಚಿಕೆಯಿಂದ ಕುಸಿದುಹೋಗುತ್ತಾರೆ ಎಂದು, ಅವರ ಮೇಲಿನ ಮರುಕಕ್ಕೇ ಸುಮ್ಮನಿದ್ದಳು. ಕಥೆ ಹೀಗೆ ಹೊಂದಿಕೊಂಡದ್ದು ಆಕಸ್ಮಿಕವಿರಬೇಕೆಂದು ನಿನ್ನೆಯಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಹಿಂದಿನ ಸಾಲಿನಿಂದ ವಯಸ್ಸಾದ ಹೆಂಗಸೊಬ್ಬರು ಎದ್ದು ನಿಂತರು. "ರಾಯರೇ, ನಂದೊಂದೇ ಅನುಮಾನ. ಅವಳು ಕಾಗದ ಓದಿದ್ದು ಗಂಡನಿಗೆ ಗೊತ್ತಿತ್ತಾ? ಅದನ್ನ ನೀವು ಬರೆದೇ ಇಲ್ಲ."

ರಾಯರು ಹೆಂಡತಿಯ ಕಡೆ ನೋಡದೆ ಪೆನ್ನಿನ ಕ್ಯಾಪು ಮುಚ್ಚಿದರು.

"ಗೊತ್ತಿತ್ತು ತಾಯಿ. ಅವಳು ಓದಲಿ ಅಂತಲೇ ಅಲ್ಲಿಟ್ಟಿದ್ದ."